ನಡುವೆ ವಿಮಾನ ಬದಲಿಸುವವರು ಟಿಕೆಟ್‌ಗೆ ಮೊದಲು ನೋಡಬೇಕಾದ ನಿಯಮಗಳು

ಹೊರದೇಶಕ್ಕೆ ಹೊಸದಾಗಿ ಬಂದವರು ಭಾರತಕ್ಕೆ ಹೋಗಿಬರಲು ಟಿಕೆಟ್ ಹುಡುಕುವಾಗ ದರವನ್ನು ಮೊದಲು ನೋಡುತ್ತಾರೆ, ನಡುವಿನ ನಿಲುಗಡೆಯನ್ನು ಕಡೆಯಲ್ಲಿ ನೋಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದು ಲೇಸು. ಹೊರಡುವ ದೇಶದ ಮತ್ತು ಸೇರುವ ದೇಶದ ಕಾಗದಪತ್ರಗಳೆಲ್ಲ ಸರಿಯಿದ್ದರೂ, ಎರಡೇ ಗಂಟೆ ಇಳಿದು ಹೋಗುವ ಮೂರನೆಯ ದೇಶದ ನಿಯಮವೊಂದು ಪ್ರಯಾಣವನ್ನೇ ನಿಲ್ಲಿಸಬಲ್ಲದು. ಅದೂ ಆ ದೇಶ ತಲುಪಿದ ಮೇಲಲ್ಲ, ಹೊರಡುವ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿಯೇ. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದ ವಿಮಾನ ಸಂಸ್ಥೆ ದಂಡ ತೆರಬೇಕಾಗುತ್ತದೆ, ಅವರನ್ನು ಹಿಂದಕ್ಕೂ ಕರೆತರಬೇಕಾಗುತ್ತದೆ. ಆದ್ದರಿಂದ ಕೌಂಟರಿನ ಸಿಬ್ಬಂದಿ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ಟೈಮ್ಯಾಟಿಕ್ ಎಂಬ ಮಾಹಿತಿಕೋಶದಲ್ಲಿ ಇರುವುದನ್ನು ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅದೇ ಮಾಹಿತಿಯನ್ನು ಹಲವು ವಿಮಾನ ಸಂಸ್ಥೆಗಳ ಜಾಲತಾಣಗಳಲ್ಲಿ ನೀವೂ ನೋಡಬಹುದು. ಪರಿಚಿತರ ಅನುಭವಕ್ಕಿಂತ ಅದನ್ನು ನಂಬಿರಿ.

ಪ್ರತಿ ನಿಲುಗಡೆಯ ಬಗ್ಗೆಯೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ನಾನು ಇಮಿಗ್ರೇಷನ್, ಅಂದರೆ ದೇಶದೊಳಗೆ ಬರುವವರ ತಪಾಸಣೆ, ದಾಟಬೇಕೇ? ದುಬೈ, ದೋಹಾಗಳಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸುವ ಭಾರತೀಯರಿಗೆ ವೀಸಾ ಬೇಕಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿಂದ ಮುಂದೆ ಬೇರೆ ದೇಶಕ್ಕೆ ಹೋಗುವವರೂ ಇಮಿಗ್ರೇಷನ್ ದಾಟಲೇಬೇಕು, ಅದಕ್ಕೆ ತಕ್ಕ ವೀಸಾ ಇರಲೇಬೇಕು. ಕೆನಡಾದ ಮೂಲಕ ಹೋಗುವ ಭಾರತೀಯರು, ಅಮೆರಿಕದ ವೀಸಾ ಇದ್ದರೂ, ನಡುವೆ ಇಳಿದು ಹೋಗುವವರಿಗೆಂದೇ ಇರುವ ಟ್ರಾನ್ಸಿಟ್ ವೀಸಾ ಪಡೆಯಬೇಕು. ಅದಕ್ಕೆ ಅರ್ಜಿ ಶುಲ್ಕವಿಲ್ಲ, ಆದರೆ ಸಮಯ ಹಿಡಿಯುತ್ತದೆ. ಯುರೋಪಿನಲ್ಲಿ ಎರಡು ಷೆಂಗೆನ್ ನಿಲ್ದಾಣಗಳನ್ನು (ಷೆಂಗೆನ್ ಎಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಬಳಸುವ ಟಿಕೆಟ್, ಉದಾಹರಣೆಗೆ ಮ್ಯೂನಿಕ್‌ನಲ್ಲಿ ಇಳಿದು ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಹೋಗಿ ಮುಂದಿನ ವಿಮಾನ ಹತ್ತುವುದು, ಎಷ್ಟೇ ಅಗ್ಗವಾಗಿದ್ದರೂ ಷೆಂಗೆನ್ ಪ್ರವೇಶವೆಂದೇ ಲೆಕ್ಕ. ಎರಡು ಬೇರೆ ಬೇರೆ ಟಿಕೆಟ್ ಕೊಂಡವರಿಗೂ ಇದೇ ತೊಡಕು ಎದುರಾಗಬಹುದು: ಸಾಮಾನು ಕಡೆಯ ನಿಲ್ದಾಣದವರೆಗೆ ನೇರವಾಗಿ ಹೋಗದಿದ್ದರೆ, ಅದನ್ನು ಬೆಲ್ಟಿನಿಂದ ಎತ್ತಿಕೊಳ್ಳಲು ಹೊರಗೆ ಬರಬೇಕು, ಹೊರಗೆ ಬರಲು ವೀಸಾ ಬೇಕು.

ಅಮೆರಿಕದಲ್ಲಿ ಕೆಲಸ ಮಾಡುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಲಂಡನ್‌ನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ, ನಿಲ್ದಾಣದ ಹೊರಗೆ ಕಾಲಿಡದಿದ್ದರೂ, ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಉಳ್ಳವರಿಗೆ ವಿನಾಯಿತಿ ಇದೆ. ಇಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾದ ದಿನಾಂಕವೇ ಹೊರತು ಕೆಲಸದ ಅನುಮತಿ ಪತ್ರವಾದ ಐ-797 ಅಲ್ಲ. ಸ್ಟ್ಯಾಂಪಿಂಗ್ ಮಾಡಿಸಲೆಂದೇ, ಅಂದರೆ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಅಂಟಿಸಿಕೊಳ್ಳಲೆಂದೇ, ಭಾರತಕ್ಕೆ ಹೊರಟವರ ವೀಸಾ ಸಹಜವಾಗಿಯೇ ಮುಗಿದಿರುತ್ತದೆ, ಹಾಗಾಗಿ ಬರುವಾಗ ಸಲೀಸಾಗಿ ದಾಟಬಹುದಾದ ದಾರಿಯೇ ಹೋಗುವಾಗ ಮುಚ್ಚಿರುತ್ತದೆ. ಅಂಥವರು ಕೊಲ್ಲಿ ದೇಶಗಳ ಮೂಲಕ ಅಥವಾ ನೇರ ವಿಮಾನದಲ್ಲಿ ಹೋಗುವುದೇ ಮೇಲು.

ಇನ್ನು ಪರೀಕ್ಷೆ ಮತ್ತು ಲಸಿಕೆಗಳ ವಿಚಾರ. ವಿಮಾನ ಹೊರಡುವ ಮುನ್ನ ಇಂತಿಷ್ಟು ಸಮಯದೊಳಗೆ ಮಾಡಿಸಬೇಕಿದ್ದ ಕೋವಿಡ್ ಕಾಲದ ಕಡ್ಡಾಯ ಪರೀಕ್ಷೆಯನ್ನು ಅಮೆರಿಕ 2022ರ ಜೂನ್ 12ರಂದು ಕೈಬಿಟ್ಟಿತು. ಆದರೆ ಅಂಥ ನಿಯಮ ಮತ್ತೆ ಬಂದರೆ ಓದುವ ಬಗೆಯನ್ನು ಅದು ಕಲಿಸಿದೆ: ಗಡುವು ಎಷ್ಟು ಗಂಟೆ ಎನ್ನುವುದಕ್ಕಿಂತ, ಆ ಗಡುವನ್ನು ಯಾವ ವಿಮಾನದಿಂದ ಎಣಿಸುತ್ತಾರೆ ಎನ್ನುವುದು ಮುಖ್ಯ. ಅಮೆರಿಕದ ನಿಯಮದಲ್ಲಿ ಎಲ್ಲ ವಿಮಾನಗಳೂ ಒಂದೇ ಬುಕಿಂಗ್‌ನಲ್ಲಿದ್ದು, ಪ್ರತಿ ನಿಲುಗಡೆ 24 ಗಂಟೆ ಮೀರದಿದ್ದರೆ ಮಾತ್ರ ಮೊದಲ ವಿಮಾನದಿಂದ ಎಣಿಕೆಯಾಗುತ್ತಿತ್ತು. ಟಿಕೆಟ್ ಬೇರೆ ಬೇರೆಯಾಗಿದ್ದರೆ, ಹೊರಡುವ ಮುನ್ನ ಮಾಡಿಸಿದ ಪರೀಕ್ಷೆ ನಡುದಾರಿಯಲ್ಲಿಯೇ ಹಳತಾಗುವ ಸಂಭವವಿತ್ತು.

ಇಂದಿಗೂ ಜಾರಿಯಲ್ಲಿರುವುದು ಹಳದಿ ಜ್ವರದ ನಿಯಮ. ಆ ರೋಗದ ಅಪಾಯವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಂದ ಹೊರಟು ಆರು ದಿನಗಳೊಳಗೆ ಭಾರತ ತಲುಪುವವರು ಲಸಿಕೆ ಪ್ರಮಾಣಪತ್ರ ತೋರಿಸಬೇಕು, ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅಲ್ಲಿ ವಿಮಾನ ಬದಲಿಸಿದವರಿಗೂ ಇದು ಅನ್ವಯಿಸುತ್ತದೆ. ನಿಲ್ದಾಣದೊಳಗೇ ಇದ್ದವರಿಗೆ, ಆರೋಗ್ಯಾಧಿಕಾರಿ ಒಪ್ಪಿದರೆ, ವಿನಾಯಿತಿ ಸಿಗುತ್ತದೆ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಬರುವವರು, ನಡುವೆ ಒಂದು ರಾತ್ರಿ ಊರೊಳಗಿನ ಹೋಟೆಲಿನಲ್ಲಿ ತಂಗಿದರೆ ಆ ವಿನಾಯಿತಿ ತಪ್ಪುತ್ತದೆ ಎಂಬುದನ್ನು ನೆನಪಿಡಬೇಕು. ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಮಾನ್ಯವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ.

ನಮ್ಮವರ ಹೆಸರುಗಳದ್ದೇ ಬೇರೆ ಕಥೆ. ಉಪನಾಮದ ಜಾಗ ಖಾಲಿಯಿರುವ ಪಾಸ್‌ಪೋರ್ಟ್ ಉಳ್ಳವರ ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗಿರುತ್ತದೆ. ಟಿಕೆಟ್ಟಿನಲ್ಲಿ ಅವರ ಹೆಸರೇ ಎರಡು ಸಲ ಬಂದಿರುತ್ತದೆ. ಲಸಿಕೆಯ ಪತ್ರದಲ್ಲಿ ತಂದೆಯ ಹೆಸರಿನ ಇನಿಷಿಯಲ್ ಸೇರಿಕೊಂಡಿರುತ್ತದೆ. ಪ್ರಯೋಗಾಲಯದಲ್ಲಾಗಲಿ ಲಸಿಕಾ ಕೇಂದ್ರದಲ್ಲಾಗಲಿ ಪಾಸ್‌ಪೋರ್ಟನ್ನೇ ಮುಂದಿಟ್ಟು, ಅದರಲ್ಲಿರುವಂತೆಯೇ ಹೆಸರನ್ನೂ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಬರೆಸಿಕೊಳ್ಳಿ. ತಂದೆ ತಾಯಿಯರನ್ನು ಕರೆಸಿಕೊಳ್ಳುವಾಗ ಇವೆಲ್ಲದರ ಕಾಗದದ ಪ್ರತಿಗಳನ್ನು ಅವರ ಕೈಚೀಲದಲ್ಲಿಯೇ ಇಡಿಸಿ, ಚೆಕ್-ಇನ್‌ಗೆ ಹೋಗುವ ಸೂಟ್‌ಕೇಸಿನಲ್ಲಲ್ಲ.