ಸೀಮೆಸುಣ್ಣ, ಮೊಟ್ಟೆ ಮತ್ತು ಬೆರ್ದ್ಯಾಯೆವ್ ಜೊತೆಗಿನ ಜಗಳ

ರಷ್ಯಾದಲ್ಲಿ ಒಂದೇ ಕಾಲಕ್ಕೆ ಇಬ್ಬರು ಬದುಕಿದ್ದರು. ಸರೋವ್‌ನ ಕಾಡಿನಲ್ಲಿ ತಪಸ್ಸು ಮಾಡಿದ ಸೆರಾಫಿಮ್ ಎಂಬ ಸಂತ 1833ರಲ್ಲಿ ತೀರಿಕೊಂಡ. ಪುಷ್ಕಿನ್ ಎಂಬ ಕವಿ ದ್ವಂದ್ವಯುದ್ಧದಲ್ಲಿ ಗುಂಡು ತಗಲಿ 1837ರಲ್ಲಿ ಸತ್ತ. ನಿಕೊಲಾಯ್ ಬೆರ್ದ್ಯಾಯೆವ್ ಎಂಬ ತತ್ವಜ್ಞಾನಿ 1916ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುತ್ತಾನೆ: ಪುಷ್ಕಿನ್ನನೂ ಕವಿತೆ ಬಿಟ್ಟು ಸಂತನಾಗಿದ್ದರೆ, ಇಬ್ಬರು ಸೆರಾಫಿಮರು ಸಿಕ್ಕಿ ಕವಿಯೇ ಇಲ್ಲದೆ ಹೋಗಿದ್ದರೆ, ದೇವರ ಕೆಲಸಕ್ಕೆ ಲಾಭವಾಗುತ್ತಿತ್ತೇ? ಆಗುತ್ತಿರಲಿಲ್ಲ ಎಂಬುದು ಅವನ ಉತ್ತರ. ಪಾಪದಿಂದ ಬಿಡುಗಡೆ ಪಡೆಯುವುದು ಮನುಷ್ಯನ ಕೆಲಸದ ಒಂದು ಭಾಗ ಮಾತ್ರ. ಮನುಷ್ಯ ತಾನೂ ಸೃಷ್ಟಿಸಲಿ ಎಂದು ದೇವರು ಕಾಯುತ್ತಿದ್ದಾನೆ ಅನ್ನುತ್ತಾನೆ. ಬೈಬಲಿನ ಸುವಾರ್ತೆಗಳಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲವಲ್ಲ ಎಂದರೆ, ಬೇಕೆಂದೇ ಇಲ್ಲ ಎಂದು ವಾದಿಸುತ್ತಾನೆ. ಹೀಗೆ ಸೃಷ್ಟಿಸು ಎಂದು ದೇವರು ಬರೆದುಕೊಟ್ಟಿದ್ದರೆ ಮನುಷ್ಯ ಮಾಡುವುದೆಲ್ಲ ಬರೀ ವಿಧೇಯತೆಯಾಗುತ್ತಿತ್ತು.

ಈ ಗ್ರಂಥದ ಇಂಗ್ಲಿಷ್ ಅನುವಾದ ನನಗೆ ಸಿಕ್ಕಿದ್ದು ಪುಣೆಯ ಅಪ್ಪಾ ಬಳವಂತ ಚೌಕದ ಹಳೆಯ ಪುಸ್ತಕಗಳ ರಾಶಿಯಲ್ಲಿ. ಆಗ ನಾನು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದೆ. ಊರು ಗದಗ-ಬೆಟಗೇರಿ, ಮನೆತನ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಯದು. ನಮ್ಮ ಕಡೆಯವರು ಇಂಥ ಮಾತು ಕೇಳಿದ ಕೂಡಲೇ ‘ಕಾಯಕವೇ ಕೈಲಾಸ’ ಅನ್ನುತ್ತಾರೆ. ನಾನೂ ಪುಸ್ತಕದ ಅಂಚಿನಲ್ಲಿ ಹಾಗೆಯೇ ಬರೆದಿಟ್ಟಿದ್ದೆ. ಆದರೆ ಶರಣರ ಕಾಯಕವೆಂದರೆ ಕೈಗೆ ಬಂದ ಕೆಲಸವನ್ನು ಸತ್ಯಶುದ್ಧವಾಗಿ ಮಾಡಿ ದಾಸೋಹಕ್ಕೆ ಒಪ್ಪಿಸುವುದು. ಬೆರ್ದ್ಯಾಯೆವ್ ಹಿಂದೆ ಇಲ್ಲದ್ದನ್ನು ತಂದಿಡು ಅನ್ನುತ್ತಾನೆ. ಈ ಎರಡರ ನಡುವೆ ಎಷ್ಟು ದೂರವಿದೆ ಎನ್ನುವುದು ತಿಳಿದದ್ದು ನಿವೃತ್ತನಾಗಿ ಕುಂಚ ಹಿಡಿದ ಮೇಲೆ.

ನಾನು ಬರೆಯುವುದು ಐಕಾನ್ ಚಿತ್ರಗಳನ್ನು. ರಷ್ಯಾ, ಗ್ರೀಸ್ ಕಡೆಯ ಆರ್ಥಡಾಕ್ಸ್ ಕ್ರೈಸ್ತ ಸಭೆಗಳಲ್ಲಿ ಪೂಜಾಸ್ಥಳದಲ್ಲಿಡುವ, ಮರದ ಹಲಗೆಯ ಮೇಲಿನ ಚಿತ್ರ. ಕಲಿಸಿದವರು ಒಬ್ಬ ವೃದ್ಧ ಸನ್ಯಾಸಿನಿ. ಸುಣ್ಣ ಬಳಿದ ಬರಿಗೋಡೆಯ ದೇವಾಲಯದಲ್ಲಿ ಬೆಳೆದವನಿಗೆ ಇದು ಸುಲಭದ ದಾರಿಯಾಗಿರಲಿಲ್ಲ. ಬೆಟಗೇರಿಯಿಂದ ಸೋದರತ್ತೆ ಫೋನ್ ಮಾಡಿದರು.

“ಮೂರ್ತಿ ಮಾಡುತ್ತೀಯಂತೆ? ವಿಗ್ರಹ ಮಾಡಬೇಡ ಅನ್ನುವ ಬೈಬಲಿನ ವಿಮೋಚನಕಾಂಡ ಇಪ್ಪತ್ತನೇ ಅಧ್ಯಾಯ ಮರೆತೆಯಾ?”

“ಮೂರ್ತಿಯಲ್ಲ ಅತ್ತೆ, ಚಿತ್ರ. ಅದೇ ವಿಮೋಚನಕಾಂಡದ ಮೂವತ್ತೊಂದನೇ ಅಧ್ಯಾಯವನ್ನೂ ಓದಿ.”

ಅಲ್ಲಿ ದೇವರು ಯೆಹೂದ ಕುಲದ ಬೆಚಲೇಲನನ್ನು ಹೆಸರು ಹಿಡಿದು ಕರೆಯುತ್ತಾನೆ, ದೇವರಾತ್ಮದಿಂದ ತುಂಬಿಸುತ್ತಾನೆ. ಯಾತಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರಗೆಲಸಕ್ಕೆ. ಪ್ರವಾದನೆಗೆ ಅಲ್ಲವೇ ಅಲ್ಲ. ವಿಗ್ರಹ ಬೇಡವೆಂದ ಅದೇ ಪುಸ್ತಕದಲ್ಲಿ ದೇವರ ಆಜ್ಞೆಗಳನ್ನಿಡುವ ಮಂಜೂಷದ ಮೇಲೆ ಎರಡು ಬಂಗಾರದ ಕೆರೂಬಿಗಳನ್ನು, ಅಂದರೆ ರೆಕ್ಕೆಯುಳ್ಳ ದೇವದೂತರನ್ನು ಮಾಡಿಸು ಎಂಬ ಅಪ್ಪಣೆಯೂ ಇದೆ. ಅತ್ತೆ ಓದುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟರು.

ಇನ್ನು ಕೆಲಸದ ಕ್ರಮ. ರಷ್ಯಾದವರು ಲಿಂಡನ್ ಮರ ಬಳಸುತ್ತಾರೆ. ನಮ್ಮ ತೇಗ ಎಷ್ಟೇ ಚೆಂದವಿದ್ದರೂ ಅದರ ಎಣ್ಣೆಯಂಶದಿಂದ ಅಂಟು ಹಿಡಿಯುವುದು ಕಷ್ಟ. ನಾನು ಭವಾನಿ ಪೇಠೆಯ ಮರದ ಅಂಗಡಿಗಳಿಂದ ದಪ್ಪ ಪ್ಲೈವುಡ್ ತರುತ್ತೇನೆ. ಶುದ್ಧವಾದಿಗಳು ಮೂಗು ಮುರಿದರೆ ಮುರಿಯಲಿ, ಅದು ಬಾಗುವುದಿಲ್ಲ. ಪ್ರಾಣಿಯ ಚರ್ಮದಿಂದ ತೆಗೆದ ಅಂಟನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಅದನ್ನು ಹಲಗೆಗೆ ಸವರಿ, ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ ಅಂಟಿಸಬೇಕು. ನಂತರ ಅದೇ ಅಂಟಿಗೆ ಸೀಮೆಸುಣ್ಣದ ನುಣುಪು ಪುಡಿ ಸೇರಿಸಿ, ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ, ಒಂದರ ಮೇಲೊಂದು ಎಂಟು ಹತ್ತು ಪದರ ಹಚ್ಚಬೇಕು. ಕೊನೆಗೆ ಮರಳು ಕಾಗದದಿಂದ ಉಜ್ಜಿದರೆ ದಂತದಂಥ ನೆಲ ಸಿಗುತ್ತದೆ. ಪುಣೆಯ ಮಳೆಗಾಲದಲ್ಲಿ ಈ ಪದರ ಒಣಗುವುದೇ ಇಲ್ಲ, ಬೂಷ್ಟು ಬರುತ್ತದೆ. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಲಗೆ ಸಿದ್ಧಪಡಿಸಿಟ್ಟುಕೊಳ್ಳುವುದು ಈ ಊರಿಗೆ ಸರಿ.

ಪ್ರಭಾವಳಿಯ ಜಾಗಕ್ಕೆ ಮೊದಲು ನಯವಾದ ಕೆಂಪು ಜೇಡಿ ಹಚ್ಚುತ್ತೇವೆ. ಬಂಗಾರದ ಹಾಳೆ ಅದಕ್ಕೆ ಅಂಟಬೇಕಾದರೆ ಜೇಡಿಯ ಮೇಲೆ ಹತ್ತಿರದಿಂದ, ಗಂಟಲಾಳದಿಂದ ಉಸಿರು ಬಿಡಬೇಕು. ಉಸಿರಿನ ಬಿಸಿ ಮತ್ತು ತೇವಕ್ಕೆ ಜೇಡಿ ಮೆತ್ತಗಾಗಿ ಬಂಗಾರವನ್ನು ಹಿಡಿದುಕೊಳ್ಳುತ್ತದೆ. ಮಣ್ಣು, ಉಸಿರು, ಬಂಗಾರ: ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಉಸಿರೂದಿದ ಕಥೆಯಿರುವ ಆದಿಕಾಂಡದ ಎರಡನೇ ಅಧ್ಯಾಯವನ್ನು ನಮ್ಮ ಸನ್ಯಾಸಿನಿ ಈ ಹಂತದಲ್ಲೇ ಓದಿಸುತ್ತಿದ್ದರು. ಬಣ್ಣಕ್ಕೆ ಮೊಟ್ಟೆಯ ಹಳದಿ ಬೇಕು. ಹಳದಿಯ ಗೋಲವನ್ನು ಅಂಗೈಯಿಂದ ಅಂಗೈಗೆ ಉರುಳಿಸಿ ಬಿಳಿಯನ್ನೆಲ್ಲ ಕಳೆದು, ಪೊರೆ ಚುಚ್ಚಿ ರಸ ಇಳಿಸಿಕೊಂಡು, ನೀರು ಮತ್ತು ಸ್ವಲ್ಪ ವಿನೆಗರ್ ಬೆರೆಸಬೇಕು. ಕೆಡದಿರಲಿ ಎಂದು ಲವಂಗದ ಎಣ್ಣೆಯ ಒಂದು ಹನಿ. ಇದಕ್ಕೆ ಕಾವಿ, ಹಳದಿ ಮಣ್ಣು, ಹಸಿರು ಮಣ್ಣು. ಮುಖವನ್ನು ಕಡು ಹಸಿರುಗಂದಿನಿಂದ ಆರಂಭಿಸಿ ಪದರ ಪದರವಾಗಿ ಬೆಳಕಿನ ಕಡೆಗೆ ಹೋಗುತ್ತೇವೆ. ನೆರಳನ್ನು ಬರೆಯುವುದಿಲ್ಲ, ಬೆಳಕನ್ನು ಮಾತ್ರ ಸೇರಿಸುತ್ತೇವೆ. ಕೊನೆಗೆ ಹೆಸರು. ಚಿತ್ರದಲ್ಲಿರುವವರ ಹೆಸರನ್ನು ಬರೆಯದೆ ಐಕಾನ್ ಪೂರ್ಣವಾಗುವುದಿಲ್ಲ. ಬರೆದವನು ತನ್ನ ಹೆಸರನ್ನು ಮುಂಭಾಗದಲ್ಲಿ ಹಾಕುವ ವಾಡಿಕೆಯಿಲ್ಲ.

ಇದೆಲ್ಲ ಕೈಕೌಶಲ, ಕಲಿಯಬಹುದು. ಸನ್ಯಾಸಿನಿಯ ಇನ್ನೊಂದು ನಿಯಮ ಕಷ್ಟದ್ದು. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ, ಕಾಣಿಕೆ ತಂದವನಿಗೆ ಸಹೋದರನ ಜೊತೆ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೊಳ್ಳಲಿ ಎಂದಿದೆಯಲ್ಲ, ಅದನ್ನು ಅವರು ಕಾರ್ಯಾಗಾರದ ಕಾನೂನಾಗಿಸಿದ್ದರು. ಯಾರ ಮೇಲಾದರೂ ಸಿಟ್ಟಿದ್ದರೆ ಆ ದಿನ ಮುಖವನ್ನು ಮುಟ್ಟುವಂತಿಲ್ಲ. ಬಟ್ಟೆಯ ಮಡಿಕೆ, ಬಂಡೆ, ಬೆಟ್ಟ ಬರೆಯಬಹುದು. ನನಗೂ ತಮ್ಮನಿಗೂ ಬೆಟಗೇರಿಯ ಮನೆಯ ವಿಷಯದಲ್ಲಿ ವರ್ಷಗಳಿಂದ ಮಾತಿರಲಿಲ್ಲ. ಹಾಗಾಗಿ ನನ್ನ ಮೊದಲ ಕ್ರಿಸ್ತನ ಐಕಾನ್‌ನಲ್ಲಿ ಮಡಿಕೆಗಳೆಲ್ಲ ಮುಗಿದರೂ ಮುಖದ ಜಾಗ ಹಸಿರಾಗಿಯೇ ಉಳಿದಿತ್ತು. ಕೊನೆಗೆ ತಮ್ಮನಿಗೆ ಫೋನ್ ಮಾಡಿದೆ. “ಅಣ್ಣಾ, ಯಾರಾದರೂ ಹೋಗಿಬಿಟ್ಟರಾ?” ಎಂದು ಗಾಬರಿಯಿಂದ ಕೇಳಿದ. ಮನೆಯ ಪಾಲು ಇನ್ನೂ ಆಗಿಲ್ಲ, ಮಾತು ಮಾತ್ರ ಆಗುತ್ತಿದೆ. ಸೃಜನಶೀಲತೆ ನೈತಿಕ ಕರೆ ಎಂದು ಪುಸ್ತಕಗಳಲ್ಲಿ ಎಷ್ಟೋ ಓದಿದ್ದೆ. ಅದು ನನ್ನ ಮನೆಯೊಳಗೆ ಬಂದದ್ದು ಈ ರೂಪದಲ್ಲಿ.

ಈಗ ಜಗಳದ ಮಾತು. ಬೆರ್ದ್ಯಾಯೆವ್‌ಗೆ ಒಂದು ದೊಡ್ಡ ದುಃಖವಿದೆ. ಸೃಷ್ಟಿಯ ಕ್ಷಣದಲ್ಲಿ ಮನುಷ್ಯ ಹೊಸ ಬದುಕನ್ನೇ, ಹೊಸ ಲೋಕವನ್ನೇ ತರಲು ಹೊರಡುತ್ತಾನೆ; ಕೊನೆಗೆ ಸಿಗುವುದು ಒಂದು ಪುಸ್ತಕ, ಒಂದು ಚಿತ್ರ. ಬೆಂಕಿ ಆರಿ ವಸ್ತುವಾಗಿ ತಣ್ಣಗಾಗುತ್ತದೆ. ಇದೇ ಸೃಷ್ಟಿಯ ದುರಂತ ಅನ್ನುತ್ತಾನೆ. ಮೊದಲು ಓದಿದಾಗ ಕಣ್ಣಲ್ಲಿ ನೀರು ಬಂದಿತ್ತು. ಈಗ ಒಪ್ಪುವುದಿಲ್ಲ. ನಾನು ಯಾವ ಬೆಂಕಿಯನ್ನೂ ಹೊತ್ತುಕೊಂಡು ಹಲಗೆಯ ಬಳಿ ಹೋಗುವುದಿಲ್ಲ. ಹೆಚ್ಚಿನ ದಿನಗಳಲ್ಲಿ ಮಂಡಿನೋವು ಮತ್ತು ಅರೆಮನಸ್ಸಿನಿಂದ ಹೋಗುತ್ತೇನೆ. ಸುಣ್ಣ ಉಜ್ಜುತ್ತಾ, ಮಣ್ಣು ಅರೆಯುತ್ತಾ ಇರುವಾಗ ಪ್ರಾರ್ಥನೆ ತಾನಾಗಿ ಏಳುತ್ತದೆ. ವಸ್ತುವಿನಿಂದಲೇ ಬಿಸಿ ಬರುತ್ತದೆ. ಬೆರ್ದ್ಯಾಯೆವ್ ಕುಲೀನ ಮನೆತನದಲ್ಲಿ ಹುಟ್ಟಿ ಲೇಖನಿಯಿಂದ ಬದುಕಿದವನು. ಅವನು ಅಷ್ಟು ಮೆಚ್ಚಿದ ಅನುಭಾವಿ ಯಾಕೋಬ್ ಬ್ಯೋಮೆಯಾದರೋ ಜರ್ಮನಿಯ ಗ್ಯೋರ್ಲಿಟ್ಸ್ ಊರಿನಲ್ಲಿ ಬೂಟು ಹೊಲಿಯುತ್ತಿದ್ದವನು. ತವರದ ತಟ್ಟೆಯ ಮೇಲೆ ಬಿದ್ದ ಬೆಳಕಿನಿಂದ 1600ರಲ್ಲಿ ಅವನಿಗೆ ದರ್ಶನವಾಯಿತು ಎನ್ನುತ್ತಾರೆ. 1613ರಲ್ಲಿ ಇನ್ನು ಬರೆಯಕೂಡದು ಎಂದು ಅಪ್ಪಣೆಯಾದಾಗ ಕೆಲವು ವರ್ಷ ಸುಮ್ಮನಿದ್ದು ಮತ್ತೆ ಬರೆದ. ತಟ್ಟೆಯಿಲ್ಲದೆ ಆ ಬೆಳಕು ಎಲ್ಲಿ ಬೀಳುತ್ತಿತ್ತು ಎಂದು ಬೆರ್ದ್ಯಾಯೆವ್‌ನನ್ನು ಕೇಳಬೇಕೆನಿಸುತ್ತದೆ.

ನನ್ನ ಪರವಾಗಿ ಸಾಕ್ಷಿ ಹೇಳಲು ದಮಾಸ್ಕಸ್‌ನ ಯೋಹಾನನೆಂಬ ಕ್ರೈಸ್ತ ಸನ್ಯಾಸಿಯಿದ್ದಾನೆ. ಎಂಟನೆಯ ಶತಮಾನದಲ್ಲಿ ಬೈಜಾಂಟಿಯನ್ ಚಕ್ರವರ್ತಿಗಳು ಐಕಾನ್‌ಗಳನ್ನು ಒಡೆಸತೊಡಗಿದಾಗ, ಖಲೀಫರ ಆಳ್ವಿಕೆಯ ನಾಡಿನಲ್ಲಿ, ಅಂದರೆ ಚಕ್ರವರ್ತಿಯ ಕೈಗೆ ಸಿಗದ ಜಾಗದಲ್ಲಿ ಕುಳಿತು ಅವನು ವಾದ ಬರೆದ. ನಾನು ವಸ್ತುವನ್ನು ಆರಾಧಿಸುವುದಿಲ್ಲ, ನನಗಾಗಿ ವಸ್ತುವಾದ ಸೃಷ್ಟಿಕರ್ತನನ್ನು ಆರಾಧಿಸುತ್ತೇನೆ. ನನ್ನ ರಕ್ಷಣೆ ಯಾವುದರ ಮೂಲಕ ನಡೆಯಿತೋ ಆ ವಸ್ತುವನ್ನು ಗೌರವಿಸುವುದನ್ನು ಬಿಡುವುದಿಲ್ಲ ಎಂಬುದು ಅದರ ತಿರುಳು. 787ರಲ್ಲಿ ನೈಸಿಯಾದಲ್ಲಿ ಸೇರಿದ ಕ್ರೈಸ್ತ ಧರ್ಮಾಧ್ಯಕ್ಷರ ಮಹಾಸಭೆ ಐಕಾನ್‌ಗಳನ್ನು ಎತ್ತಿಹಿಡಿಯಿತು. ದೇವರೇ ಶರೀರಕ್ಕೆ ಇಳಿದನೆಂದು ನಂಬುವವರಿಗೆ ವಸ್ತುವಾಗುವುದು ಸೋಲೆಂದು ಹೇಗೆ ಕಾಣಬೇಕು?

ಆದರೆ ಹೊಸದನ್ನು ತಂದಿಡು ಎಂಬ ಬೆರ್ದ್ಯಾಯೆವ್‌ನ ಒತ್ತಾಯದಿಂದ ಮಾತ್ರ ನನಗೆ ಬಿಡುಗಡೆ ಸಿಗಲಿಲ್ಲ. ಗ್ರೀಕ್, ರಷ್ಯನ್ ಮಾದರಿಗಳನ್ನು ನಕಲು ಮಾಡುತ್ತಲೇ ಸತ್ತರೆ ಅವನ ಪ್ರಶ್ನೆಗೆ ಉತ್ತರವೇನು? ಇಲ್ಲಿ ಕೈಹಿಡಿದವರು ಆಂಜೆಲೊ ದ ಫೊನ್ಸೆಕಾ. 1902ರಲ್ಲಿ ಗೋವಾದಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಕಲಿತು, ಯೇಸುವಿನ ತಾಯಿ ಮರಿಯಳಿಗೆ ಸೀರೆ ಉಡಿಸಿ ಬರೆದ ಕಲಾವಿದ. ಯುರೋಪಿನ ಮುಖಗಳಿಗೆ ಒಗ್ಗಿದ್ದ ಗೋವಾದ ಜನ ಅದನ್ನು ಸಹಿಸಲಿಲ್ಲ. ಅವರು ಪುಣೆಗೆ ಬಂದು, ಶಿವಾಜಿನಗರದ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ನೆಲೆ ಕಂಡುಕೊಂಡು, 1967ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ನಾನು ಬಸ್ಸಿನಲ್ಲಿ ಎಷ್ಟೋ ಸಲ ದಾಟಿಹೋದ ಜಾಗವದು. ಅವರ ಚಿತ್ರಗಳನ್ನು ನೋಡಲು ಮಾತ್ರ ಗೋವಾದ ಪೊರ್ವೊರಿಮ್‌ನಲ್ಲಿರುವ ಕ್ಸೇವಿಯರ್ ಇತಿಹಾಸ ಸಂಶೋಧನಾ ಕೇಂದ್ರಕ್ಕೆ ಹೋಗಬೇಕಾಯಿತು. ಅಲ್ಲಿನ ಮರಿಯಳ ಮುಖದಲ್ಲಿ ನಾನು ಕಂಡದ್ದು ಧೈರ್ಯವನ್ನು. ಸೌಂದರ್ಯ ಆಮೇಲೆ ಕಂಡಿತು.

ವಾಪಸ್ಸು ಬಂದು ನಮ್ಮ ಕನ್ನಡ ಪ್ರಾರ್ಥನಾ ಕೂಟಕ್ಕಾಗಿ ಯಾಕೋಬನ ಬಾವಿಯ ಬಳಿ ಯೇಸು ನೀರು ಕೇಳಿದ ಸಮಾರ್ಯದ ಸ್ತ್ರೀಯನ್ನು ಬರೆದೆ. ಬೆಳಕಿನ ಕ್ರಮ, ಪ್ರಭಾವಳಿ, ಕ್ರಿಸ್ತ ಕುಳಿತ ಭಂಗಿ ಎಲ್ಲ ಹಳೆಯ ಮಾದರಿಯದೇ. ಅವಳಿಗೆ ಮಾತ್ರ ಕೆಂಪು-ಬಿಳಿ ಸೆರಗಿನ ಇಳಕಲ್ ಸೀರೆ, ಪಕ್ಕದಲ್ಲಿ ತಾಮ್ರದ ಕೊಡ, ಮೇಲೆ ಕನ್ನಡದಲ್ಲಿ ಹೆಸರು. ಕೂಟದ ಹಿರಿಯರೊಬ್ಬರು ತೀರಿಕೊಂಡ ತಮ್ಮ ಹೆಂಡತಿಯ ಫೋಟೊ ಕೊಟ್ಟು ಆ ಮುಖವನ್ನೇ ಬರೆಯಲು ಕೇಳಿದ್ದರು. ಆಗದು ಎಂದೆ. ಅವರಿಗೆ ಬೇಸರವಾಯಿತು, ನನಗೂ ಆಯಿತು. ಪ್ರಾರ್ಥನೆಗೆ ಕುಳಿತವರು ಒಂದು ಮನೆಯ ಶೋಕವನ್ನು ನೋಡುವಂತಾಗಬಾರದು ಎಂಬ ನನ್ನ ನಿಲುವು ಬದಲಾಗಿಲ್ಲ.

ಕಳೆದ ಡಿಸೆಂಬರಿನಲ್ಲಿ ಅತ್ತೆ ಪುಣೆಗೆ ಬಂದಿದ್ದರು. ಚಿತ್ರದ ಮುಂದೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನಿಂತರು. “ನನ್ನ ಮನೆಯಲ್ಲಿ ಇದನ್ನು ಇಟ್ಟುಕೊಳ್ಳುವುದಿಲ್ಲ, ಹೇಳಿರುತ್ತೇನೆ” ಎಂದರು. ಮುಂದಿನ ಹಲಗೆಗೆ ಬೆಚಲೇಲನನ್ನು ಬರೆಯುತ್ತಿದ್ದೇನೆ, ಕೈಯಲ್ಲಿ ಉಳಿ ಕೊಡುತ್ತೇನೆ ಎಂದು ಹೇಳಿದೆ.

“ಅವನೊಬ್ಬನೇ ಮಾಡಿದನೇನು? ಜೊತೆಗೆ ಒಹೊಲೀಯಾಬ ಇರಲಿಲ್ಲವೇ? ಮೂವತ್ತೆಂಟನೇ ಅಧ್ಯಾಯ ನೋಡು. ಅವನು ನೇಯ್ಗೆ, ಕಸೂತಿಯವನು. ಬೆಟಗೇರಿಯಲ್ಲಿ ಹುಟ್ಟಿದವನು ನೇಕಾರನನ್ನು ಬಿಟ್ಟು ಬರೆಯುತ್ತೀಯಾ?”

ಹಲಗೆಯ ಅಗಲ ಒಬ್ಬನಿಗಷ್ಟೇ ಸಾಲುತ್ತದೆ. ಭವಾನಿ ಪೇಠೆಗೆ ಹೋಗಿ ಬೇರೆ ಕೊಯ್ಯಿಸಬೇಕು.