ವರ್ಷದ ಜೋಳ ನುಸಿ ಹಿಡಿಯದಂತೆ ತುಂಬಿಡುವುದು

ಹಿಂಗಾರಿ ಬಿಳಿಜೋಳ ಗದಗ, ಹುಬ್ಬಳ್ಳಿಯ ಪ್ಯಾಟಿಗೆ ಬರುವುದು ಫೆಬ್ರವರಿ–ಮಾರ್ಚ್‌ಗೆ. ವರ್ಷದ ಕಾಳು ಕೊಳ್ಳುವವರು ಆಗಲೇ ಕೊಂಡು, ಏಪ್ರಿಲ್–ಮೇ ಬಿಸಿಲಿನಲ್ಲಿ ಕೆಲಸ ಮುಗಿಸಬೇಕು. ಜೂನ್ ದಾಟಿತೆಂದರೆ, ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆಗೆ, ಒಣಗಿದ ಕಾಳೂ ಗಾಳಿಯ ತೇವ ಎಳೆದುಕೊಳ್ಳುತ್ತದೆ.

ನುಸಿ ಬಹುಮಟ್ಟಿಗೆ ಕಾಳಿನ ಜೊತೆಗೇ ಮನೆಗೆ ಬರುತ್ತದೆ. ಹೆಣ್ಣು ನುಸಿ ಕಾಳಿಗೆ ತೂತು ಕೊರೆದು, ಒಳಗೆ ತತ್ತಿ ಇಟ್ಟು, ಬಾಯಿ ಮೆತ್ತಿಬಿಡುತ್ತದೆ. ಜರಡಿ ಹಿಡಿದರೆ ಅದು ಹೋಗುವುದಿಲ್ಲ. ಬೇಸಿಗೆಯಲ್ಲಿ ತಿಂಗಳೊಪ್ಪತ್ತಿಗೆ ಹೊಸ ನುಸಿ ಹೊರಬೀಳುತ್ತದೆ. ಬೇವಿನ ಸೊಪ್ಪು ಹಾಕುವುದಾದರೆ ಗರಿಗರಿ ಒಣಗಿಸಿಯೇ ಹಾಕಿ, ಹಸಿ ಸೊಪ್ಪಿನಿಂದ ತೇವವೇ ಹೆಚ್ಚು. ಸೊಪ್ಪನ್ನೇ ನಂಬಿ ಕೂಡುವಂತಿಲ್ಲ. ಕಾಳು ಉಳಿಯುವುದು ಬಿಸಿಲಿನಿಂದ, ಗಾಳಿಯಾಡದ ಮುಚ್ಚಳದಿಂದ.

ಮೊದಲು ಹಸನು ಮಾಡಿ ನುಚ್ಚು, ಧೂಳು ತೆಗೆಯಿರಿ. ಮಾಳಿಗೆ ಮೇಲೆ ತಾಡಪತ್ರಿ ಹಾಸಿ ಎರಡು ಬೆರಳು ದಪ್ಪಕ್ಕೆ ಹರವಿ, ತಾಸಿಗೊಮ್ಮೆ ಕೈಯಾಡಿಸಿ. ಎರಡು ಮೂರು ದಿನ ಬೇಕು. ಹೊತ್ತು ಮುಳುಗುವ ಮುಂಚೆ ಒಳಗೆ ತನ್ನಿ. ತೇವ ಶೇ 12ರ ಒಳಗಿರಬೇಕು. ಮನೆಯಲ್ಲೇ ನೋಡಲು ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿ ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಮೇಲಿದೆ. ಅಂಟದಿದ್ದರೂ ಅಷ್ಟಕ್ಕೇ ನಂಬದೆ ಇನ್ನೊಂದು ದಿನದ ಬಿಸಿಲು ಕೊಡಿ. ಹಲ್ಲಿಗೆ ಹಾಕಿದರೆ ಕಾಳು ಕಟ್ಟೆಂದು ಒಡೆಯಬೇಕು.

ಬಿಸಿ ಕಾಳು ಹಾಗೇ ತುಂಬಬೇಡಿ. ಮುಚ್ಚಳದ ಒಳಮೈ ಬೆವತು ಮೇಲಿನ ಪದರಕ್ಕೆ ಬೂಸ್ಟು ಬರುತ್ತದೆ. ರಾತ್ರಿ ಮನೆಯೊಳಗೆ ಹರವಿ ಆರಿಸಿ, ಬೆಳಿಗ್ಗೆ ತುಂಬಿ.

ಒಂದು ಕ್ವಿಂಟಲ್ ಜೋಳಕ್ಕೆ ಸುಮಾರು 135 ಲೀಟರ್ ಜಾಗ ಬೇಕು. ಆದರೆ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯುವುದು ಜಾಣತನವಲ್ಲ. ದಿನಾ ಮುಚ್ಚಳ ತೆಗೆದಾಗ ಹೊಸ ಗಾಳಿ, ಮಳೆಗಾಲವಾದರೆ ತೇವವೂ ಒಳಹೋಗುತ್ತದೆ. 20 ಕೆಜಿಯಂತೆ ಬೇರೆ ಬೇರೆ ಡಬ್ಬಿಗೆ ಬಾಯಿಮಟ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ಮುಚ್ಚಳ ಸಡಿಲಿದ್ದರೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಕಾಳು ತುಂಬಿ, ಗಾಳಿ ಒತ್ತಿ ತೆಗೆದು ಬಾಯಿ ಬಿಗಿಯಾಗಿ ಕಟ್ಟಿ. ಇದ್ದಷ್ಟು ಆಮ್ಲಜನಕ ಮುಗಿದರೆ ನುಸಿ ತಾನೇ ಸಾಯುತ್ತದೆ. ಅರ್ಧ ಖಾಲಿ ಡಬ್ಬಿಯಲ್ಲಿ ಅದಕ್ಕೆ ಗಾಳಿಯ ಬರವಿಲ್ಲ. ಡಬ್ಬಿಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆ ಮೇಲಿಡಿ.

ಇಡಿ ಹೆಸರುಕಾಳು, ಅಲಸಂದಿಯ ಮೇಲೆ ಬಿಳಿ ಚುಕ್ಕಿ ಕಂಡರೆ ಅವು ಹುಳದ ತತ್ತಿ. ಅಂಥ ಮಾಲು ಬೇಡ. ಒಳ್ಳೆಯ ಕಾಳಿಗೆ ಕೆಜಿಗೆ 5 ಮಿ.ಲೀ. ಔಡಲೆಣ್ಣೆ (ಹರಳೆಣ್ಣೆ) ಹಚ್ಚಿ ಎರಡೂ ಕೈಯಿಂದ ತಿಕ್ಕಿ, ಪ್ರತಿ ಕಾಳೂ ಮಿಂಚಬೇಕು. ಶೇಂಗಾ ಸಿಪ್ಪೆ ಸಮೇತ ಇಡಿ. ಬೂಸ್ಟು ಹಿಡಿದ ಬೀಜ ಎಸೆಯಿರಿ, ಹುರಿದರೂ ಅದರ ವಿಷ ಪೂರ್ತಿ ಹೋಗದು. ಬ್ಯಾಡಗಿ ಮೆಣಸಿನಕಾಯಿಗೆ ಬೆಳಕು ತಾಗದ ಡಬ್ಬಿ ಬೇಕು, ಇಲ್ಲದಿದ್ದರೆ ಬಣ್ಣ ಹೋಗುತ್ತದೆ. ಹಿಟ್ಟನ್ನಂತೂ ಕೂಡಿಡಲೇಬೇಡಿ, ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ, ಹದಿನೈದು ದಿನಕ್ಕಾಗುವಷ್ಟೇ ಗಿರಣಿಗೆ ಒಯ್ಯಿರಿ.

ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾರೇ ಕೊಟ್ಟರೂ ಮನೆಯೊಳಗೆ ತರಬೇಡಿ. ತೇವ ತಾಗಿದರೆ ಅದು ಬಿಡುವ ಫಾಸ್ಫೀನ್ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನೇ ಕೊಲ್ಲುತ್ತದೆ.

ಹೊಸ ಡಬ್ಬಿ ತೆಗೆದಾಗ ಮೊಳಕೈವರೆಗೆ ಕೈ ಇಳಿಸಿ ನೋಡಿ. ಒಳಗೆ ಬೆಚ್ಚಗಿದ್ದರೆ, ಬೆರಳಿಗೆ ಸಣ್ಣ ಹುಡಿ ಹತ್ತಿದರೆ, ನುಸಿ ಎದ್ದಿದೆ. ಆ ಡಬ್ಬಿಯನ್ನು ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಅದನ್ನೇ ಮೊದಲು ಖರ್ಚು ಮಾಡಿ.