ಹಾಜರಿ ಹಾಕದೆ ಹಾಲ್ ತುಂಬಿಸಿದ್ದು

ಕಾಲೇಜಿನಲ್ಲಿ ಹೊರಗಿನ ಅತಿಥಿಯನ್ನು ಕರೆಸಿ ಮಾತಾಡಿಸುವ ಕಾರ್ಯಕ್ರಮಕ್ಕೆ, ಅಟೆಂಡೆನ್ಸ್ ಕೊಡ್ತೀವಿ ಅನ್ನದಿದ್ದರೆ ಒಬ್ಬನೂ ಬರಲ್ಲ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಈ ವರ್ಷ ನೋಡಿ, 100 ಕುರ್ಚಿ ಹಾಕಿದರೆ ಹುಡುಗರು ಕಿಟಕಿ ಹತ್ತಿರ ನಿಲ್ಲುತ್ತಾರೆ.

ಮೊದಲಿನ ಖರ್ಚು ಕೇಳಿ. ಫ್ಲೆಕ್ಸ್‌ಗೆ 800, ಶಾಲು, ಹಾರ, ಹಣ್ಣಿನ ಬುಟ್ಟಿಗೆ ಸಾವಿರದ ಮೇಲೆ, ನೆನಪಿನ ಕಾಣಿಕೆ, ಅತಿಥಿಗಳ ಕಾರು. ಹತ್ತಿರ ಹತ್ತಿರ 4000. ಪ್ರಾರ್ಥನೆ, ಸ್ವಾಗತ, ಪರಿಚಯ ಎಲ್ಲ ಮುಗಿದು ಅತಿಥಿಗೆ ಮೈಕ್ ಸಿಗುವಾಗ ಮೂರು ಗಂಟೆ. ಮೂರೂವರೆಗೆ ಹಳ್ಳಿ ಬಸ್. ಅದು ತಪ್ಪಿದರೆ ಸಂಜೆವರೆಗೆ ಕಾಯಬೇಕು. ಪಾಸ್ ಇರುವ ಹುಡುಗಿಯರು ಹಿಂದಿನ ಬಾಗಿಲಿಂದ ಜಾರುತ್ತಿದ್ದರು. ತಪ್ಪು ಅವರದಲ್ಲ ಅಲ್ವಾ?

ಈಗ ಬೆಳಗ್ಗೆ ಹನ್ನೊಂದೂಕಾಲು, ಒಂದೇ ಪೀರಿಯಡ್, ವೇದಿಕೆ ಇಲ್ಲ. ಹಿಂದಿನ ದಿನ ಗೇಟಿನ ಬೋರ್ಡ್ ಮೇಲೆ ಚಾಕ್‌ಪೀಸಿನಲ್ಲಿ ಒಂದು ಪ್ರಶ್ನೆ, ಅಷ್ಟೇ. ಅತಿಥಿಯ ಹೆಸರೂ ಇರಲ್ಲ. ಆ ಪ್ರಶ್ನೆಯನ್ನು ಯಾರ ಕೈಲಿ ಬರೆಸಬೇಕು ಅನ್ನುವುದರಲ್ಲಿ ಗುಟ್ಟಿದೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ.

"ಒಂದೇ ತೋಟದ ಅಡಿಕೆಗೆ ನಾಲ್ಕು ರೇಟ್ ಯಾಕೆ?" ಇದು ಮೊದಲ ಪ್ರಶ್ನೆ. ಶಿವಮೊಗ್ಗ ಕಡೆಯ ಕಾಲೇಜು, ಅಡಿಕೆ ಅಂದರೆ ಕಿವಿ ನೆಟ್ಟಗಾಗುತ್ತದೆ. ಮಂಡಿಯವರೊಬ್ಬರು ಬಂದು ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನೋ ನಾಲ್ಕು ದರ್ಜೆಯ ಅಡಿಕೆ ಎಲ್ಲ ಬೆರೆಸಿ ಪೇಪರ್ ಮೇಲೆ ಸುರಿದರು. "ಆರಿಸಿ ನೋಡೋಣ" ಅಂದರು. ತೋಟದ ಮನೆ ಮಕ್ಕಳು ಮೊದಲು ದುಬಾರಿ ದರ್ಜೆಯಾದ ಸರಕಿಗೇ ಕೈ ಹಾಕಿದರು. ಪೇಟೆ ಮಕ್ಕಳು ಪಕ್ಕದವರದ್ದು ನೋಡಿ ಕಾಪಿ ಹೊಡೆದರು! ಬೆಲೆ, ಕಮಿಷನ್, ತೂಕ ಅಂತ ಬಿಕಾಂನವರು ಊಟದ ಬೆಲ್ ಆದರೂ ಏಳಲಿಲ್ಲ. ಖರ್ಚು ಚಹಾ, ಬೋಂಡಾ ಸೇರಿ 300 ಇರಬೇಕು. ಬಸ್ ಚಾರ್ಜನ್ನೂ ಮಂಡಿಯವರು ಮುಟ್ಟಲಿಲ್ಲ.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರತಿ ವರ್ಷ ಅದೇ ಪಿಪಿಟಿ: 1928, ರಾಮನ್, ಚಪ್ಪಾಳೆ. ಈ ಸಲ "ಸಮುದ್ರ ಯಾಕೆ ನೀಲಿ?" ಅಂತ ಬರೆಸಿದೆ. 1921ರ ಹಡಗು ಪ್ರಯಾಣದಲ್ಲಿ ರಾಮನ್‌ಗೆ ಕಾಡಿದ್ದೂ ಇದೇ ತಾನೆ. ಗಾಜಿನ ಲೋಟದ ನೀರಿಗೆ ಎರಡು ಹನಿ ಹಾಲು, ಕತ್ತಲಲ್ಲಿ ಟಾರ್ಚ್. ಪಕ್ಕದಿಂದ ನಸುನೀಲಿ, ಎದುರಿನಿಂದ ಕೆಂಪು ಹಳದಿ. "ಇದು ರಾಮನ್ ಪರಿಣಾಮ ಅಲ್ಲ ರೀ" ಅಂತ ಫಿಸಿಕ್ಸ್ ಮೇಷ್ಟ್ರು ಸಿಟ್ಟಾದರು. ಹಾಗಾದರೆ ನೀವೇ ಹೇಳಿ ಸಾರ್ ಅಂದೆ. ಮುಂದಿನ ವಾರದ ಅತಿಥಿ ಪುಕ್ಕಟೆ ಸಿಕ್ಕರು.

ಮುಂದಿನದು ಏಪ್ರಿಲ್ ಕೊನೆ ವಾರ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಶೂನ್ಯ ನೆರಳು, ಅಂದರೆ ಸೂರ್ಯ ನೆತ್ತಿಯ ಮೇಲೇ ಬಂದು ನೆಟ್ಟಗೆ ನಿಂತದ್ದರ ನೆರಳು ಕಾಣದ ಹೊತ್ತು, ನಮ್ಮ ಆಟದ ಮೈದಾನದಲ್ಲೇ. ಆಗಸ್ಟಿನಲ್ಲೂ ಬರುತ್ತದೆ, ಆದರೆ ಮಲೆನಾಡಿನ ಮೋಡ ನಂಬೋ ಹಾಗಿಲ್ಲ. ಧ್ವಜಸ್ತಂಭದ ನೆರಳು ಅಳೆಯೋಕೆ ಪಿಟಿ ಮೇಷ್ಟ್ರ ಟೇಪ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.